ಸುಣ್ಣದ ನೀರಿನ ಪಾಠ

ಎರಡು ಸಾವಿರದ ಏಳರ ಜೂನ್ ಮೊದಲ ವಾರ. ಅಟ್ಲಾಂಟಾದ ಈಶಾನ್ಯಕ್ಕಿರುವ ಕೌಂಟಿ ಆರೋಗ್ಯ ಇಲಾಖೆಯ ಕ್ಲಿನಿಕ್‌ನಲ್ಲಿ ಕಾಯುವ ಕೋಣೆ ಅರ್ಧ ತುಂಬಿತ್ತು. ಮಧ್ಯಾಹ್ನದ ತರಗತಿಗೆ ಬೇಕಾದ ಕರಪತ್ರಗಳನ್ನು ಎದೆಗೊತ್ತಿಕೊಂಡು ವಾರಿಜಾಕ್ಷಿ ಆ ಕೋಣೆಯನ್ನು ದಾಟುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಿಂದ ಕನ್ನಡ ಕೇಳಿಸಿತು.

"ಇಲ್ಲಮ್ಮಾ, ಅಂಗಡಿಗೆ ಬಂದಿದೀನಿ. ಬಿಲ್ಲಿಂಗ್ ಹತ್ರ ಇದೀನಿ, ಆಮೇಲೆ ಮಾಡ್ತೀನಿ."

ವಾರಿಜಾಕ್ಷಿ ತಿರುಗಿ ನೋಡಿದರು. ನೋಡಬಾರದಿತ್ತು ಎಂದು ಮರುಕ್ಷಣವೇ ಅನ್ನಿಸಿತು. ಅವಳು ಶ್ರಾವಣಿ. ಹಿಂದಿನ ವರ್ಷ ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮವನ್ನು ಚೆಂದವಾಗಿ ನಿರೂಪಣೆ ಮಾಡಿದ್ದ ಮೈಸೂರಿನ ಹುಡುಗಿ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಗಂಡ ಪ್ರಶಾಂತ್‌ಗೆ ಅಟ್ಲಾಂಟಾದ ಹೊರವಲಯದ ಅಲ್ಫರೆಟಾದಲ್ಲಿ ಕೆಲಸ. ಆ ಕೋಣೆಯಿಂದ ಒಳಗೆ ಹೋಗುವ ಬಾಗಿಲು ಒಂದೇ ಕೆಲಸಕ್ಕಿತ್ತು. ಲೈಂಗಿಕ ಸೋಂಕಿನ ಪರೀಕ್ಷೆ, ಸೋಂಕಿದ್ದರೆ ಔಷಧಿ.

ಶ್ರಾವಣಿ ಫೋನನ್ನು ಕಿವಿಯಿಂದ ತೆಗೆಯದೆಯೇ ಚೀಲ ಎತ್ತಿಕೊಂಡು ಹೊರಟುಹೋದಳು. ಅವಳ ಸರದಿಯ ನಂಬರನ್ನು ಕೂಗಿದರು. ಮತ್ತೊಮ್ಮೆ ಕೂಗಿದರು. ಕುರ್ಚಿ ಖಾಲಿಯಿತ್ತು.

ಹಿಂದೆ ಓಡಿ ನಿಲ್ಲಿಸುವಂತಿಲ್ಲ. ಮನೆಗೆ ಫೋನ್ ಮಾಡುವಂತಿಲ್ಲ. ಕ್ಲಿನಿಕ್‌ನಲ್ಲಿ ಕಂಡವರನ್ನು ಹೊರಗೆ ಕಂಡಂತೆ ತೋರಿಸಿಕೊಳ್ಳಬಾರದು ಎಂಬುದು ಅಲ್ಲಿಯ ಮೊದಲ ನಿಯಮ. ಹೊಸದಾಗಿ ಸೇರಿದವರಿಗೆ ಅದನ್ನು ಕಲಿಸುತ್ತಿದ್ದವರೇ ವಾರಿಜಾಕ್ಷಿ. ಹುಡುಗಿಗೆ ಏನು ತೊಂದರೆಯಿತ್ತೋ, ಇತ್ತೋ ಇಲ್ಲವೋ, ಅವರಿಗೆ ಗೊತ್ತಿರಲಿಲ್ಲ. ಧೈರ್ಯ ಮಾಡಿ ಬಾಗಿಲವರೆಗೆ ಬಂದವಳು ತಮ್ಮ ಮುಖ ಕಂಡು ಪರೀಕ್ಷೆಯಿಲ್ಲದೆ ಹೋದಳು ಎಂಬುದಷ್ಟೇ ಗೊತ್ತಿತ್ತು. ಚಿಕಿತ್ಸೆಯಿಲ್ಲದೆ ಬಿಟ್ಟ ಸೋಂಕು ಒಳಗೊಳಗೇ ಗರ್ಭನಾಳವನ್ನು ಮುಚ್ಚಿಬಿಡಬಲ್ಲದು ಎಂಬುದೂ ಗೊತ್ತಿತ್ತು. ಅದನ್ನು ಊರಿಗೆಲ್ಲ ಹೇಳುವುದೇ ಅವರ ಉದ್ಯೋಗವಾಗಿತ್ತು.

ವಾರಿಜಾಕ್ಷಿ ಹುಟ್ಟಿದ್ದು ಉಡುಪಿಯ ಉತ್ತರಕ್ಕಿರುವ ಸಾಸ್ತಾನದಲ್ಲಿ. ಸೂಕ್ಷ್ಮಜೀವಿ ವಿಜ್ಞಾನ ಓದಿ ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ನಾಲ್ಕು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತವರು. ಸೇತುವೆಗಳ ವಿನ್ಯಾಸ ಮಾಡುವ ಎಂಜಿನಿಯರ್ ಶೀನಪ್ಪ ಅವರನ್ನು ಮದುವೆಯಾಗಿ ಅಮೆರಿಕಕ್ಕೆ ಬಂದು, ಸುವಾನಿಯಲ್ಲಿ ಮನೆ ಮಾಡಿ, ಮಗಳು ನವ್ಯಾ ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಓದಿದರು. ಎರಡು ಸಾವಿರದ ಎರಡರಲ್ಲಿ ಇಲಾಖೆಯ ಆರೋಗ್ಯ ಶಿಕ್ಷಕಿಯಾದರು. ಮೊದಲ ತರಗತಿ ಕೋಳಿ ಸಂಸ್ಕರಣೆಯ ಕಾರ್ಖಾನೆಯ ಕೆಲಸಗಾರರಿಗೆ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಆ ದಿನ ಅವರು ಜನರ ಮುಖ ನೋಡದೆ ಗೋಡೆಯ ಗಡಿಯಾರಕ್ಕೆ ಪಾಠ ಮಾಡಿದರು. ಮುಗಿದ ಮೇಲೆ ಮೆಕ್ಸಿಕೊದ ಹೆಂಗಸೊಬ್ಬಳು ಬಂದು, ಗಡಿಯಾರಕ್ಕೆ ಎಲ್ಲ ಅರ್ಥವಾಯಿತು, ಇನ್ನು ನಮಗೆ ಹೇಳಿ ಎಂದಳು. ವಾರಿಜಾಕ್ಷಿ ನಕ್ಕು, ಕುರ್ಚಿ ಎಳೆದುಕೊಂಡು, ಎರಡನೆಯ ಸಲ ಶುರು ಮಾಡಿದರು.

ಆಮೇಲೆ ಲಾರಿ ಚಾಲಕರು, ಕಾಲೇಜು ಹುಡುಗರು, ಜೈಲಿನ ಹೆಂಗಸರು. ಐದು ವರ್ಷದಲ್ಲಿ ಅವರು ಯಾವ ಪದಕ್ಕೂ ದನಿ ತಗ್ಗಿಸದೆ ಹೇಳುವುದನ್ನು ಕಲಿತರು. ಕಾಂಡೋಮಿನ ಪೊಟ್ಟಣವನ್ನು ಪೆನ್ನು ಹಿಡಿದಷ್ಟೇ ಸಹಜವಾಗಿ ಹಿಡಿಯುವುದನ್ನೂ. ಪಕ್ಕದ ಕೌಂಟಿಯವರು, ಒಮ್ಮೆ ದಕ್ಷಿಣ ಕ್ಯಾರೊಲೈನಾದವರೂ, ಅವರ ತರಗತಿಯನ್ನು ನೋಡಿ ಕಲಿಯಲು ಜನ ಕಳಿಸಿದರು. ಒಂದೇ ಒಂದು ಗುಂಪಿಗೆ ಮಾತ್ರ ಅವರು ಪಾಠ ಮಾಡಿರಲಿಲ್ಲ. ತಮ್ಮವರಿಗೆ.

ಕಾರಣಗಳಲ್ಲಿ ಒಂದು ಮನೆಯಲ್ಲೇ ಇತ್ತು. ಪಾರ್ಟಿಗಳಲ್ಲಿ ಯಾರಾದರೂ "ಆಂಟಿ ಎಲ್ಲಿ ಕೆಲ್ಸ ಮಾಡ್ತಾರೆ?" ಎಂದರೆ ಶೀನಪ್ಪ ಹೆಂಡತಿ ಬಾಯಿ ತೆರೆಯುವ ಮೊದಲೇ "ಹೆಲ್ತ್ ಡಿಪಾರ್ಟ್‌ಮೆಂಟ್, ವ್ಯಾಕ್ಸಿನ್ ಸೆಕ್ಷನ್" ಎಂದು ಮುಗಿಸಿಬಿಡುತ್ತಿದ್ದರು. ವಾರಿಜಾಕ್ಷಿ ಅದನ್ನು ತಿದ್ದುತ್ತಿರಲಿಲ್ಲ. ಕೋಸಂಬರಿಯ ಬಟ್ಟಲು ಹಿಡಿದು ನಿಂತಾಗ ವಾದ ಬೇಡ ಎಂದುಕೊಂಡು ಸುಮ್ಮನಿದ್ದದ್ದು ಅಭ್ಯಾಸವಾಗಿಬಿಟ್ಟಿತ್ತು.

ಶ್ರಾವಣಿ ಎದ್ದುಹೋದ ದಿನ ಸಂಜೆ ಅವರು ಸ್ಥಳೀಯ ಕನ್ನಡ ಸಂಘದ ಅಧ್ಯಕ್ಷ ವೇಣುಗೋಪಾಲ ಅವರಿಗೆ ಫೋನ್ ಮಾಡಿದರು. ಒಬ್ಬಳಿಗೆ ಹೇಳುವಂತಿಲ್ಲದ ಮಾತನ್ನು ಎಲ್ಲರಿಗೂ ಹೇಳಬಹುದು. ಎಲ್ಲರಲ್ಲಿ ಅವಳೂ ಇರುತ್ತಾಳೆ. ಅಷ್ಟೇ ಲೆಕ್ಕಾಚಾರ.

"ಹೆಲ್ತ್ ಟಾಕ್ ಅಂದ್ರೆ ನಾನ್ ರೆಡಿ ಮೇಡಂ," ಎಂದರು ವೇಣುಗೋಪಾಲ. "ಶುಗರ್, ಬಿಪಿ, ಕೊಲೆಸ್ಟರಾಲ್. ನಮ್ಮೋರಿಗೆ ಅದೇ ತಾನೆ ಇರೋದು?"

"ಅದನ್ನು ಹೇಳಲಿಕ್ಕೆ ನಿಮ್ಮಲ್ಲಿ ಬೇಕಾದಷ್ಟು ಡಾಕ್ಟರುಗಳಿದ್ದಾರೆ. ನಾನು ಹೇಳುವುದು ಲೈಂಗಿಕ ಸೋಂಕಿನ ಬಗ್ಗೆ. ಬಾರದ ಹಾಗೆ ಹೇಗೆ ನೋಡಿಕೊಳ್ಳುವುದು, ಬಂದರೆ ಎಂತ ಮಾಡುವುದು."

ಆ ಕಡೆ ಸ್ಪೀಕರ್ ಫೋನಿನ ಹಿಂದೆ ತಿರುಗುತ್ತಿದ್ದ ಮಿಕ್ಸಿ ನಿಂತಿತು. ಅಡುಗೆಮನೆಯಲ್ಲಿದ್ದ ವೇಣುಗೋಪಾಲರ ಹೆಂಡತಿ ಉಷಾ ಕಿವಿಗೊಟ್ಟಿದ್ದು ವಾರಿಜಾಕ್ಷಿಗೆ ತಿಳಿಯಿತು.

"ಮೇಡಂ, ಇದು ಫ್ಯಾಮಿಲಿ ಆರ್ಗನೈಜೇಷನ್ನು."

"ಸೋಂಕು ಬರುವುದೂ ಫ್ಯಾಮಿಲಿಗೇ."

"ಹಂಗಲ್ಲ ಮೇಡಂ. ನಮ್ಮೋರಿಗೆ ಗ್ರೀನ್ ಕಾರ್ಡ್ ಮೆಡಿಕಲ್‌ನಲ್ಲಿ ಎಲ್ಲಾ ಟೆಸ್ಟೂ ಮಾಡೇ ಮಾಡ್ತಾರೆ. ಗವರ್ನಮೆಂಟೇ ಕ್ಲೀನ್ ಅಂದ್ಮೇಲೆ ಮುಗೀತಲ್ಲ? ಸುಮ್ನೆ ಯಾಕೆ ಜನಕ್ಕೆ ಮುಜುಗರ?"

ಈ ಮಾತು ವಾರಿಜಾಕ್ಷಿಗೆ ಹೊಸದಲ್ಲ. ವರ ಹುಡುಕುವ ತಾಯಂದಿರು ಕೂಡ "ಹುಡುಗಂಗೆ ಗ್ರೀನ್ ಕಾರ್ಡ್ ಆಗಿದೆ" ಎಂದು ಹೇಳುವಾಗ ಆರೋಗ್ಯದ ಖಾತರಿಯನ್ನೂ ಸೇರಿಸಿಯೇ ಹೇಳುತ್ತಿದ್ದರು. ಗ್ರೀನ್ ಕಾರ್ಡಿಗಾಗಿ ಮಾಡಿಸುವ ವೈದ್ಯಕೀಯ ಪರೀಕ್ಷೆ ಒಂದು ದಿನದ ರಕ್ತದಲ್ಲಿ ಎರಡೇ ಲೈಂಗಿಕ ಸೋಂಕುಗಳನ್ನು ಹುಡುಕುತ್ತಿತ್ತು, ಮಿಕ್ಕದ್ದನ್ನಲ್ಲ. ಅದನ್ನು ಹೇಳುವಷ್ಟರಲ್ಲಿ ವೇಣುಗೋಪಾಲ ಬೇರೆ ಕರೆ ಬರುತ್ತಿದೆ ಎಂದು ಇಟ್ಟುಬಿಟ್ಟರು.

ಬಾಗಿಲು ತೆರೆದದ್ದು ವಾಷಿಂಗ್ಟನ್ನಿನಿಂದ. ಜೂನ್ ಮಧ್ಯದಲ್ಲಿ, ವರ್ಷಗಟ್ಟಲೆ ಸರದಿಯಲ್ಲಿದ್ದವರೆಲ್ಲ ಜುಲೈಯಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು ಎಂಬ ಪ್ರಕಟಣೆ ಹೊರಬಿತ್ತು. ಅರ್ಜಿಗೆ ವೈದ್ಯಕೀಯ ಪರೀಕ್ಷೆ ಬೇಕು; ಪರೀಕ್ಷೆ ಮಾಡಲು ಅನುಮತಿಯಿದ್ದ ಡಾಕ್ಟರುಗಳು ಕೆಲವೇ ಮಂದಿ. ಅಲ್ಫರೆಟಾದಲ್ಲಿ ಸಮಯ ಸಿಗದವರು ಮಕ್ಕಳುಮರಿ ಸಮೇತ ಪಕ್ಕದ ರಾಜ್ಯಗಳ ಗ್ರೀನ್‌ವಿಲ್‌ಗೆ, ಶಾರ್ಲಟ್‌ಗೆ ಡ್ರೈವ್ ಮಾಡಿಕೊಂಡು ಹೋದರು. ಅಲ್ಲಿ ತೋಳಿಗೆ ಸೂಜಿ ಚುಚ್ಚುವಾಗ ಯಾವ ಕಾಯಿಲೆಗೆ ಈ ರಕ್ತ ಎಂಬುದು ಕಿವಿಗೆ ಬಿತ್ತು. ಫೋನುಗಳು ಹೊಡೆದುಕೊಳ್ಳತೊಡಗಿದವು.

ಈ ಸಲ ಕರೆ ಮಾಡಿದವರು ವೇಣುಗೋಪಾಲ.

"ಮೇಡಂ, ನಿನ್ನೆ ನಮ್ಮಿಬ್ರಿಗೂ ಬ್ಲಡ್ ತಗೊಂಡ್ರು. ಆ ನರ್ಸು ಇಡೀ ಕ್ಲಿನಿಕ್ಕಿಗೆ ಕೇಳೋ ಹಂಗೆ 'ಸಿಫಿಲಿಸ್' ಅಂದ್ಲು. ಇವ್ಳು ಪಕ್ಕದಲ್ಲೇ ಕೂತಿದ್ಲು. ಮನೆ ಬರೋವರ್ಗೂ ಒಂದ್ ಮಾತಾಡ್ಲಿಲ್ಲ."

"ಏನ್ ಮಾತಾಡೋದು?" ಎಂದು ಉಷಾ ಫೋನು ಕಿತ್ತುಕೊಂಡರು. "ಏನ್ ಕೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ವಾರಿಜಾಕ್ಷಿಯವ್ರೇ. ಬಂದ್ರೆ ಗ್ರೀನ್ ಕಾರ್ಡ್ ಹೋಗತ್ತೆ ಅಂತ ಒಬ್ರು, ಏನೂ ಆಗಲ್ಲ ಅಂತ ಇನ್ನೊಬ್ರು. ನೀವು ಬಂದು ಹೇಳಿ. ಭಾನುವಾರ ನಮ್ಮ ಲೇಔಟ್ ಕ್ಲಬ್‌ಹೌಸ್ ಬುಕ್ ಮಾಡ್ತೀನಿ. ಪುಳಿಯೋಗರೆ ನಂದು."

"ದಂಪತಿಗಳು ಜೊತೆಯಲ್ಲೇ ಬರಬೇಕು. ಹೊಸದಾಗಿ ಮದುವೆಯಾದವರನ್ನು ನೀವೇ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಯಿರಿ."

ಉಷಾ ಒಪ್ಪಿದರು. ಶ್ರಾವಣಿಯ ಹೆಸರು ಆ ಮಾತಿನಲ್ಲಿ ಬರಲೇ ಇಲ್ಲ.

ವಾರಿಜಾಕ್ಷಿಯ ಪಾಠದ ಸಾಮಾನು ಅವರ ಅಡುಗೆಮನೆಯಲ್ಲೇ ತಯಾರಾಗುತ್ತಿತ್ತು. ಸೋಂಕು ಹರಡುವುದನ್ನು ತೋರಿಸಲು ಇಲಾಖೆ ಒಂದು ರಾಸಾಯನಿಕ ಕೊಡುತ್ತಿತ್ತು. ಎಲ್ಲರ ಕೈಯಲ್ಲೂ ತಿಳಿನೀರಿನ ಕಪ್. ಒಂದರಲ್ಲಿ ಮಾತ್ರ ಕ್ಷಾರ. ಜನ ನೀರು ಬದಲಾಯಿಸಿಕೊಂಡ ಮೇಲೆ ಆ ರಾಸಾಯನಿಕದ ಹನಿ ಹಾಕಿದರೆ ಕ್ಷಾರ ತಲುಪಿದ ಕಪ್‌ಗಳೆಲ್ಲ ಬಣ್ಣ ತಿರುಗುತ್ತವೆ. ಒಮ್ಮೆ ಆ ರಾಸಾಯನಿಕ ಮುಗಿದುಹೋದಾಗ ವಾರಿಜಾಕ್ಷಿಗೆ ನೆನಪಾದದ್ದು ಅರಿಶಿನ, ಸುಣ್ಣ ಕಲಸಿದ ಆರತಿಯ ಓಕುಳಿ. ಸೌತೆಕಾಯಿ ಉಪ್ಪಿನಕಾಯಿಗೆಂದು ಜಾರ್ಜಿಯಾದ ದಿನಸಿ ಅಂಗಡಿಗಳಲ್ಲಿ ಸುಣ್ಣದ ಪುಡಿ ಸಿಗುತ್ತಿತ್ತು. ಅದನ್ನು ನೀರಿಗೆ ಹಾಕಿ ತಿಳಿಯಾಗಲು ಬಿಟ್ಟರು, ಅರಿಶಿನವನ್ನು ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿದರು. ಇಲಾಖೆಯ ತೆಳು ಗುಲಾಬಿಗಿಂತ ಈ ಕೆಂಪು ದೂರಕ್ಕೆ ಕಾಣುತ್ತಿತ್ತು. ಆಮೇಲೆ ಅವರು ರಾಸಾಯನಿಕವನ್ನು ಕೇಳಲೇ ಇಲ್ಲ.

ಬೇರೆಡೆ ಸುಣ್ಣದ ಕಪ್ ಯಾರ ಕೈಗೆ ಹೋಗುತ್ತದೆಂಬುದು ಅವರಿಗೂ ಗೊತ್ತಿರುತ್ತಿರಲಿಲ್ಲ. ಇಲ್ಲಿ ಹಾಗೆ ಬಿಡುವಂತಿರಲಿಲ್ಲ. ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಶೀನಪ್ಪನವರ ಮುಂದೆ ಅವರು ಒಂದು ಕಪ್ ಇಟ್ಟರು.

"ನಾಳೆ ಈ ಕಪ್ ನಿಮಗೆ."

ಶೀನಪ್ಪನವರಿಗೆ ಆಟ ಗೊತ್ತಿತ್ತು. "ಇಡೀ ಅಟ್ಲಾಂಟಾದ ಕನ್ನಡಿಗರ ಎದುರು ನಾನು ರೋಗಿ ಆಗ್ಬೇಕಾ ಮಾರಾಯ್ತಿ?"

"ಒಂದು ಗಂಟೆ ಮಟ್ಟಿಗೆ."

"ಎಂತ ಒಂದು ಗಂಟೆ? ಸಾಯುವ ತನಕ ಹೇಳ್ತಾರೆ. ವ್ಯಾಕ್ಸಿನ್ ಸೆಕ್ಷನ್ ಅಂತ ಹೇಳಿಕೊಂಡು ಬಂದವ ನಾನು."

"ಅದಕ್ಕೇ ನಿಮ್ಮನ್ನು ಕೇಳುವುದು. ಬೇರೆಯವರ ಗಂಡನ ಕೈಗೆ ಇದು ಹೋದರೆ ಆ ಮನೆಯಲ್ಲಿ ನಾಳೆ ಒಲೆ ಹತ್ತುವುದಿಲ್ಲ. ನನ್ನ ಗಂಡನಾದರೆ ಎಂತದೂ ಆಗುವುದಿಲ್ಲ, ನನಗೆ ಗೊತ್ತುಂಟು."

ಶೀನಪ್ಪ ಕಪ್ ಅನ್ನು ಬೆಳಕಿಗೆ ಹಿಡಿದು ನೋಡಿದರು. ಬರೀ ನೀರಿನ ಹಾಗೆ ಕಾಣುತ್ತಿತ್ತು. ಮೆಟ್ಟಿಲ ಮೇಲಿಂದ ಹದಿನಾರರ ನವ್ಯಾ ಕೂಗಿದಳು: "ಅಪ್ಪಾ, ಜಸ್ಟ್ ಡೂ ಇಟ್. ಇಟ್ಸ್ ವಾಟರ್!"

"ನೀನೂ ಬರ್ತೀಯಾ ಹಾಗಾದರೆ?"

"ನೋ ವೇ." ಸ್ವಲ್ಪ ತಡೆದು, "ಓಕೆ, ನಾನು ಬರ್ತೀನಿ. ಬಟ್ ನಾನು ಬ್ಯಾಕ್‌ನಲ್ಲಿ ಕೂತ್ಕೊಳ್ತೀನಿ. ಲೈಕ್, ವೇ ಬ್ಯಾಕ್."

ಭಾನುವಾರ ಕ್ಲಬ್‌ಹೌಸಿನ ಹೊರಗೆ ಚಿಕ್ಕ ಮಕ್ಕಳು ಈಜುಕೊಳದಲ್ಲಿ ಕಿರುಚುತ್ತಿದ್ದರು. ಒಳಗೆ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಯಾರೂ ಹೇಳದಿದ್ದರೂ, ಕೂತಿದ್ದರು. ಶ್ರಾವಣಿ ಬಂದಿದ್ದಳು. ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದಳು. ವಾರಿಜಾಕ್ಷಿ ಆ ಕಡೆ ಎಷ್ಟು ನೋಡಬೇಕೋ ಅಷ್ಟೇ ನೋಡಿದರು. ಎಲ್ಲರ ಕಡೆ ನೋಡಿದಷ್ಟು.

"ಊರಿನ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಗುಪ್ತ ರೋಗ ಅಂತ ಬರೆದಿರುತ್ತಿದ್ದರು, ನೆನಪುಂಟಾ?" ಎಂದು ಶುರು ಮಾಡಿದರು. "ಓದಿಯೂ ಓದದವರ ಹಾಗೆ ಬಸ್ ಹತ್ತುತ್ತಿದ್ದೆವು. ಇವತ್ತು ಆ ಮಾತು ಬೇಡ. ಇವು ಸೋಂಕುಗಳು. ನೆಗಡಿಗೆ ದಾರಿ ಮೂಗು. ಇದಕ್ಕೆ ದಾರಿ ಬೇರೆ, ಅಷ್ಟೇ."

ಕಪ್‌ಗಳನ್ನು ಹಂಚಿದರು. ಬದಲಾಯಿಸಿಕೊಳ್ಳುವುದೆಂದರೆ ಇಬ್ಬರೂ ನೀರನ್ನು ಒಂದಕ್ಕೆ ಸುರಿದು ಮತ್ತೆ ಪಾಲು ಮಾಡಿಕೊಳ್ಳುವುದು. ಎಷ್ಟು ಜನರ ಜೊತೆ ಎಂಬುದು ಅವರವರ ಇಷ್ಟ. ಕೆಲವು ಕಪ್‌ಗಳಿಗೆ ಬಿಗಿಯಾದ ಮುಚ್ಚಳವಿತ್ತು. ಅವು ಬರೀ ತಾಗಿಸಬೇಕು, ಸುರಿಯುವಂತಿಲ್ಲ. ಆ ಮುಚ್ಚಳವೇ ಕಾಂಡೋಮ್ ಎಂದು ಅವರು ಹೇಳಿದಾಗ ಗಂಡಸರ ಸಾಲಿನಲ್ಲಿ ಒಂದಿಬ್ಬರಿಗೆ ಕೆಮ್ಮು ಬಂತು.

ಯಾರೂ ಏಳಲಿಲ್ಲ. ವೇಣುಗೋಪಾಲ ಕಪ್ಪಿನೊಳಗೆ ಇಣುಕುತ್ತಿದ್ದರು. ಆಗ ಶೀನಪ್ಪ ಗಂಟಲು ಸರಿಮಾಡಿಕೊಂಡು ಎದ್ದರು.

"ಬನ್ನಿ ವೇಣು. ನೀರೇ ಅಲ್ವಾ?"

ಅವರು ವೇಣುಗೋಪಾಲರ ಜೊತೆ ಸುರಿದುಕೊಂಡರು, ಪ್ರಶಾಂತ್ ಜೊತೆ ಸುರಿದುಕೊಂಡರು, ಇಡೀ ಸಾಲನ್ನು ಮುಗಿಸಿದರು. "ಅಂಕಲ್ ಫುಲ್ ಫಾರ್ಮಲ್ಲಿದಾರೆ!" ಎಂದು ಯಾರೋ ಕೂಗಿದರು. ನಗು ಹರಡಿತು, ಕುರ್ಚಿಗಳು ಸರಿದವು, ಸಾಲುಗಳು ಕಲೆತವು. ಹೆಂಗಸರಲ್ಲಿ ಹೆಚ್ಚಿನವರು ತಂತಮ್ಮ ಗಂಡನ ಹತ್ತಿರ ಮಾತ್ರ ಹೋಗಿ ಬಂದರು. ಕೊನೆಗೆ ವಾರಿಜಾಕ್ಷಿ ತಮ್ಮ ಕಪ್ ಹಿಡಿದು ಶೀನಪ್ಪನವರ ಬಳಿ ಹೋದರು. ಬೇರೆ ಯಾರ ಬಳಿಯೂ ಹೋಗಲಿಲ್ಲ.

ಅರಿಶಿನದ ಹನಿ ಬಿತ್ತು. ಒಂದೊಂದಾಗಿ ಕಪ್‌ಗಳು ಕೆಂಪಾದವು. ಮುಚ್ಚಳವಿದ್ದವು ಮಾತ್ರ ತೆಳು ಹಳದಿಯಲ್ಲೇ ಉಳಿದವು.

"ಅಯ್ಯೋ, ಇದು ಓಕುಳಿ!" ಎಂದರು ಉಷಾ. "ಆರತಿ ನೀರಲ್ಲಿ ಇದನ್ನಾ ತೋರ್ಸೋದು?"

"ಆರತಿ ಎತ್ತುವುದು ಯಾಕೆ ಉಷಾ? ಕಣ್ಣಿಗೆ ಕಾಣದ್ದು ಏನಾದರೂ ತಗುಲಿದ್ದರೆ ಹೋಗಲಿ ಅಂತ. ಇದೂ ಕಣ್ಣಿಗೆ ಕಾಣದ್ದೇ."

ಉಷಾ ತಮ್ಮ ಕಪ್ ನೋಡಿಕೊಂಡರು. ಮುಖ ಬದಲಾಯಿತು. "ಆದ್ರೆ ನಾನು ಇವ್ರ ಜೊತೆ ಮಾತ್ರ ಮಾಡಿದ್ದು! ಒಂದೇ ಸಲ! ನಂದ್ಯಾಕೆ ಕೆಂಪಾಯ್ತು?"

ಕೋಣೆಯಲ್ಲಿ ನಗು ಎದ್ದಿತು, ಹಾಗೆಯೇ ಸತ್ತಿತು. ತಮ್ಮ ತಮ್ಮ ಕಪ್ ನೋಡಿಕೊಳ್ಳುತ್ತಿದ್ದ ಹೆಂಗಸರು ಬಹಳ ಮಂದಿಯಿದ್ದರು. ಬಾಗಿಲ ಬಳಿಯ ಕಪ್ ಕೂಡ ಕೆಂಪಾಗಿತ್ತು.

ವಾರಿಜಾಕ್ಷಿ ತಮ್ಮ ಕಪ್ಪನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದರು.

"ನನ್ನದೂ ಕೆಂಪು. ನಾನು ನನ್ನ ಗಂಡನ ಹತ್ತಿರ ಮಾತ್ರ ಹೋದವಳು. ಸುಣ್ಣ ಇದ್ದದ್ದು ಅವರ ಕಪ್ಪಿನಲ್ಲಿ, ನಾನೇ ಹಾಕಿಕೊಟ್ಟದ್ದು. ಈಗ ಹೇಳಿ, ನನ್ನ ತಪ್ಪೆಂತದು? ಏನೂ ಇಲ್ಲ. ಅವರದ್ದು? ಇದ್ದರೂ ಇರಬಹುದು, ಇಲ್ಲದಿರಲೂಬಹುದು. ಮದುವೆಗೆ ಎಷ್ಟೋ ಮೊದಲು ಬಂದು ಸುಮ್ಮನೆ ಕೂತಿರಬಹುದು, ಅವರಿಗೇ ಗೊತ್ತಿರಲಿಕ್ಕಿಲ್ಲ. ಅದನ್ನು ವಿಚಾರಿಸುವುದು ನನ್ನ ಮೊದಲ ಕೆಲಸ ಅಲ್ಲ. ಮೊದಲ ಕೆಲಸ ಟೆಸ್ಟ್. ಆಮೇಲೆ ಮಾತ್ರೆ, ಇಬ್ಬರಿಗೂ ಒಟ್ಟಿಗೆ. ಒಬ್ಬರೇ ತೆಗೆದುಕೊಂಡರೆ ಮತ್ತೆ ಬರುತ್ತದೆ. ಜಗಳ ಬೇಕಿದ್ದರೆ ಮಾತ್ರೆ ನುಂಗಿದ ಮೇಲೆ ಮಾಡಬಹುದು."

"ಮಾತ್ರೆ ಊಟ ಆದ್ಮೇಲಾ, ಮುಂಚೇನಾ?" ಎಂದು ಶೀನಪ್ಪ ಕೇಳಿದರು. ಈ ಸಲ ನಗು ಸಾಯಲಿಲ್ಲ.

ಆಮೇಲಿನದೆಲ್ಲ ಕೆಲಸದ ಮಾತು. ಗ್ರೀನ್ ಕಾರ್ಡಿನ ರಕ್ತದಲ್ಲಿ ನೋಡುವುದು ಸಿಫಿಲಿಸ್ ಮತ್ತು ಎಚ್‌ಐವಿ ಮಾತ್ರ. ಸಿಫಿಲಿಸ್ ಇದ್ದರೆ ಚಿಕಿತ್ಸೆ ಪಡೆದರೆ ಆಯಿತು, ಅರ್ಜಿ ನಿಲ್ಲುವುದಿಲ್ಲ. ಎಚ್‌ಐವಿಯ ಬಗ್ಗೆ ಈಗಿನ ಕಾನೂನು ಕಠಿಣವಾಗಿದೆ, ಅದಕ್ಕೆ ಡಾಕ್ಟರ್ ಜೊತೆ ವಕೀಲರೂ ಬೇಕು. ಇದನ್ನು ಅವರು ಸಿಹಿ ಮಾಡಿ ಹೇಳಲಿಲ್ಲ. ಹೆಚ್ಚು ಜನರಿಗೆ ಬರುವ ಕ್ಲಮಿಡಿಯಾಕ್ಕೆ ಬಹಳ ಸಲ ಲಕ್ಷಣವೇ ಇರುವುದಿಲ್ಲ, ಮೂತ್ರ ಪರೀಕ್ಷೆ ಬೇಕು, ಅದು ಗ್ರೀನ್ ಕಾರ್ಡಿನಲ್ಲಿ ಇಲ್ಲ. ಗರ್ಭಕಂಠದ ಕ್ಯಾನ್ಸರಿಗೆ ದಾರಿಯಾಗುವ ವೈರಸ್ಸಿಗೆ ಹಿಂದಿನ ವರ್ಷವಷ್ಟೇ ಲಸಿಕೆ ಬಂದಿದೆ, ಹೆಣ್ಣುಮಕ್ಕಳಿಗೆ ಹಾಕಿಸಿ. ಕೊನೆಯ ಸಾಲಿನಿಂದ ನವ್ಯಾ, ಯಾರೂ ಕೇಳದಿದ್ದರೂ, "ಐ ಗಾಟ್ ಇಟ್. ಇಟ್ಸ್ ಫೈನ್" ಎಂದಳು.

"ಇನ್ನೊಂದು," ಎಂದರು ವಾರಿಜಾಕ್ಷಿ. ಇಡೀ ತರಗತಿಯನ್ನು ಕಟ್ಟಿದ್ದೇ ಈ ಮಾತಿಗಾಗಿ. "ಕೌಂಟಿ ಕ್ಲಿನಿಕ್‌ಗೆ ಬಂದರೆ ನಾನು ಕಣ್ಣಿಗೆ ಬೀಳಬಹುದು. ನಿಮ್ಮ ಫೈಲ್ ನನ್ನ ಕೈಗೆ ಬರುವುದಿಲ್ಲ. ಅಲ್ಲಿ ನಿಮ್ಮನ್ನು ಕಂಡೆ ಅಂತ ನನ್ನ ಗಂಡನಿಗೂ ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ. ಆದರೂ ನನ್ನ ಮುಖ ನೋಡುವುದು ಕಷ್ಟ ಅಂದರೆ ಮಂಗಳವಾರ ಬೆಳಿಗ್ಗೆ ಬನ್ನಿ. ಆಗ ನಾನು ಜೈಲಿನಲ್ಲಿರುತ್ತೇನೆ."

"ಜೈಲಲ್ಲಾ?" ಎಂದರು ವೇಣುಗೋಪಾಲ.

"ಪಾಠ ಮಾಡಲಿಕ್ಕೆ. ಅವರು ನಿಮಗಿಂತ ಒಳ್ಳೊಳ್ಳೆ ಪ್ರಶ್ನೆ ಕೇಳ್ತಾರೆ."

ಕರಪತ್ರವನ್ನು ಅವರು ಮೇಜಿನ ಮೇಲೆ ರಾಶಿ ಹಾಕಿರಲಿಲ್ಲ. ಊಟದ ಪ್ರತಿ ತಟ್ಟೆಯ ಕೆಳಗೂ ಒಂದೊಂದು ಇಟ್ಟಿದ್ದರು. ತಟ್ಟೆ ತೆಗೆದುಕೊಂಡವರೆಲ್ಲರಿಗೂ ಅದು ಸಿಕ್ಕಿತು, ಹಾಗಾಗಿ ಅದನ್ನು ಯಾರು ಎತ್ತಿಕೊಂಡರೆಂದು ಯಾರೂ ಯಾರನ್ನೂ ನೋಡಲಿಲ್ಲ. ಪುಳಿಯೋಗರೆಯ ಸಾಲಿನಲ್ಲಿ ಪ್ರಶಾಂತ್ ಶೀನಪ್ಪನವರನ್ನು ಕೇಳಿದ: "ಅಂಕಲ್, ಆಂಟಿ ವ್ಯಾಕ್ಸಿನ್ ಸೆಕ್ಷನ್ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ," ಎಂದರು ಶೀನಪ್ಪ, ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿಕೊಳ್ಳುತ್ತ. "ಇವಳ ಪಾಠ ಕಲಿಯಲಿಕ್ಕೆ ಕ್ಯಾರೊಲೈನಾದಿಂದ ಜನ ಬರ್ತಾರೆ. ಗೊತ್ತುಂಟಾ ನಿಂಗೆ?"

ಹಿಂದೆ ನಿಂತಿದ್ದ ವಾರಿಜಾಕ್ಷಿಗೆ ಅದು ಕೇಳಿಸಿತು.  ಮನೆಗೆ ಹೋಗುವಾಗ ಕಾರಿನಲ್ಲಿ ಆ ಮಾತನ್ನು ಗಂಡನ ಬಾಯಿಂದ ಇನ್ನೊಮ್ಮೆ ಹೇಳಿಸಿದರು ಎಂದು ನವ್ಯಾ ಹೇಳುತ್ತಾಳೆ.

ಆಗಸ್ಟ್ ಕೊನೆಯಲ್ಲಿ ಕಚೇರಿಗೆ ಒಂದು ಫೋನು ಬಂತು. "ಆಂಟಿ, ನಾನು ಶ್ರಾವಣಿ. ನಾವಿಬ್ರೂ ಹೋಗಿದ್ವಿ. ಮಾತ್ರೆ ತಗೊಂಡ್ವಿ. ಈಗ ಏನೂ ಇಲ್ಲ ಅಂದ್ರು."

"ನನಗೆ ಹೇಳಬೇಕು ಅಂತ ಇಲ್ಲ ಮಗಾ."

"ಗೊತ್ತು. ಹೇಳ್ಬೇಕು ಅನ್ನಿಸ್ತು. ಫೋನ್ ಮಾಡಿದ್ದು ಅದಕ್ಕಲ್ಲ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನನ್ ಥರಾನೇ ಗಂಡನ ವೀಸಾ ಮೇಲೆ ಬಂದಿರೋರು ತುಂಬಾ ಜನ ಇದೀವಿ. ಕೆಲ್ಸ ಮಾಡೋ ಹಂಗಿಲ್ಲ, ಕಾರಿಲ್ಲ, ಮಧ್ಯಾಹ್ನ ಎಲ್ಲಾ ಖಾಲಿ. ಅವತ್ತು ಅವ್ರು ಯಾರೂ ಬಂದಿರ್ಲಿಲ್ಲ. ನೀವು ಬರ್ತೀರಾ?"

ಸೆಪ್ಟೆಂಬರಿನ ಒಂದು ಗುರುವಾರ ವಾರಿಜಾಕ್ಷಿ ಸುಣ್ಣದ ನೀರು, ಅರಿಶಿನದ ಸೀಸೆ, ಕಪ್‌ಗಳ ಪೆಟ್ಟಿಗೆ ಹಿಡಿದು ಅಲ್ಫರೆಟಾಕ್ಕೆ ಡ್ರೈವ್ ಮಾಡಿದರು. ಗಂಡಂದಿರೆಲ್ಲ ಕಚೇರಿಯಲ್ಲಿದ್ದರು. ಅಪಾರ್ಟ್‌ಮೆಂಟಿನ ಕೆಳಮಹಡಿಯ ಕೋಣೆಯಲ್ಲಿ ಹುಡುಗಿಯರು ಗೋಡೆಗೊತ್ತಿದ ಕುರ್ಚಿಗಳಲ್ಲಿ ಕೂತಿದ್ದರು, ದುಪಟ್ಟಾದ ತುದಿ ತಿರುಚುತ್ತ, ಒಬ್ಬರ ಮುಖ ಒಬ್ಬರು ನೋಡದೆ.

ಶ್ರಾವಣಿ ಕಪ್‌ಗಳನ್ನು ಜೋಡಿಸಲು ಬಂದಳು. "ಸುಣ್ಣದ್ದು ಯಾವುದು ಆಂಟಿ?" ಎಂದು ಮೆಲ್ಲಗೆ ಕೇಳಿದಳು.

ವಾರಿಜಾಕ್ಷಿ ತೋರಿಸಿದರು. ಅದನ್ನು ತಾವೇ ಇಟ್ಟುಕೊಳ್ಳುವ ಯೋಚನೆ ಅವರಿಗಿತ್ತು.

"ನಂಗೆ ಕೊಡಿ," ಎಂದಳು ಶ್ರಾವಣಿ. ಕೈಗೆತ್ತಿಕೊಂಡವಳು ಕೋಣೆಯ ನಡುವಿಗೆ ಹೋಗಿ ನಿಂತು, ದೀಪಾವಳಿಯ ವೇದಿಕೆಯ ಮೇಲಿದ್ದಾಗಿನ ದನಿಯಲ್ಲಿ ಶುರು ಮಾಡಿದಳು. "ಇದೊಂದು ಆಟ ಕಣ್ರೇ. ಬರೀ ನೀರು. ಯಾರು ಫಸ್ಟು?"

ಯಾರೂ ಏಳಲಿಲ್ಲ. ವಾರಿಜಾಕ್ಷಿ ಹುಡುಗಿಯರ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಹುಡುಕಿ ಕೂತರು, ತಮ್ಮ ಕಪ್ಪನ್ನು ಮುಂದೆ ಚಾಚಿ, "ನಾನು, ಮೇಡಂ," ಎಂದರು.